ನಿಮ್ಮ ಎಪ್ಪಿಂಗ್ ಕಾಡಿನ ಲೇಖನದ ಬಗ್ಗೆ

ನಮಸ್ಕಾರ.

ನಿಮ್ಮ ‘ಮಳೆಯಲ್ಲಿ ಚಿನ್ನದ ಕಾಡು’ ಎರಡು ಸಲ ಓದಿದೆ. ಲಂಡನ್ನಿನಿಂದ ಸೆಂಟ್ರಲ್ ಲೈನ್ ರೈಲು ಹಿಡಿದು ಲೌಟನ್‌ನಲ್ಲಿ ಇಳಿದು, ನವೆಂಬರ್ ಮಳೆಯಲ್ಲಿ ಎಪ್ಪಿಂಗ್ ಕಾಡು ಸುತ್ತಿ, ಫೋಟೋ ತೆಗೆದು, ಸಂಜೆ ನಾಲ್ಕೂವರೆಗೇ ಕತ್ತಲಾಯಿತೆಂದು ವಾಪಸಾದ ಕತೆ. 1,800 ಪದ, 14 ಫೋಟೋ. ಹೀಗೇ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಒರಟು ಅನಿಸಿದರೆ ಬೇಜಾರು ಮಾಡ್ಕೋಬೇಡಿ.

ಮೂರನೇ ಪ್ಯಾರಾದಲ್ಲಿ ‘ಕಾಲಡಿಯ ಎಲೆಗಳು ಚರಚರ ಸದ್ದು ಮಾಡಿದವು’ ಎಂದಿದ್ದೀರಿ. ಎರಡು ದಿನದಿಂದ ಬಿಡದೆ ಮಳೆ ಎಂದು ಬರೆದವರೂ ನೀವೇ. ನೆನೆದ ಎಲೆ ಚರಚರ ಅನ್ನುತ್ತದಾ? ಆ ಸದ್ದು ನಿಮ್ಮ ಕಿವಿಗೆ ಬಿದ್ದಿರಲು ಸಾಧ್ಯವೇ ಇಲ್ಲ, ಎಲ್ಲೋ ಓದಿದ್ದು ಬಂದು ಕೂತಿದೆ. ಹಾಗೇ ‘ಶರದೃತುವಿನ ಸೊಬಗು’. ಶರದೃತು ಅಂದ ಕೂಡಲೇ ನಮ್ಮ ಓದುಗರಿಗೆ ನವರಾತ್ರಿ, ತಿಳಿ ಆಕಾಶ, ಬೆಳದಿಂಗಳು ನೆನಪಾಗುತ್ತದೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಸುಮ್ನೆ ‘ಎಲೆ ಉದುರುವ ಕಾಲ’ ಅನ್ನಿ, ಸಾಕು.

ಕ್ಯಾಮೆರಾ, ಐಎಸ್‌ಒ, ಅಪರ್ಚರ್ ಬಗ್ಗೆ ಇರುವ ಎರಡು ಪ್ಯಾರಾ ತೆಗೀರಿ. ಒಂದು ಸಾಲು ಮಾತ್ರ ಉಳಿಸಿ. ಪೋಲರೈಸರ್ ಫಿಲ್ಟರ್ ತಿರುಗಿಸುತ್ತಿದ್ದ ಹಾಗೆ ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಹೋಗಿ ಒಳಗಿನ ಬಣ್ಣ ಎದ್ದು ಬಂತು ಅಂತ ಬರೆದಿದ್ದೀರಲ್ಲ, ಅದು. ಎಲೆ ಮೇಲಿನ ನೀರು ಆಕಾಶದ ಬಿಳುಪನ್ನೇ ವಾಪಸ್ ಎಸೆಯುತ್ತದೆ, ಈ ಫಿಲ್ಟರ್ ಅದನ್ನು ತಡೆಯುತ್ತದೆ, ಬದಲಿಗೆ ಸುಮಾರು ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). ಮೊದಲೇ ಮಂಕು ಬೆಳಕು, ಅದಕ್ಕೇ ಟ್ರೈಪಾಡ್ ಬೇಕಾಯಿತು, ಅದಕ್ಕೇ ಒಂದು ಮರದ ಮುಂದೆ ಇಪ್ಪತ್ತು ನಿಮಿಷ ನಿಂತಿರಿ. ಆ ಇಪ್ಪತ್ತು ನಿಮಿಷದಲ್ಲಿ ಏನೇನಾಯಿತು? ಒಂದಕ್ಷರ ಇಲ್ಲ. ಬೀಚ್ ಮರದ ತೊಗಟೆ ನುಣುಪು, ಮಳೆ ಬಂದರೆ ನೀರು ಕಾಂಡದ ಮೇಲೆ ಪಟ್ಟೆ ಪಟ್ಟೆಯಾಗಿ ಇಳಿದು ಕಪ್ಪಾಗುತ್ತದೆ. ನಿಮ್ಮ ಐದನೇ ಫೋಟೋದಲ್ಲಿ ಅದು ಇದೆ, ಬರಹದಲ್ಲಿ ಇಲ್ಲ!

ಅಂದಹಾಗೆ, ಫೋಟೋಗಳಲ್ಲಿ ಕೆಂಪು ಜಾಸ್ತಿ ಏರಿಸಿದ್ದೀರಿ. ಎಪ್ಪಿಂಗ್‌ನ ಬೀಚ್ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಹಾರ್ನ್‌ಬೀಮ್ ಹಳದಿ. ಅಮೆರಿಕದ ಮೇಪಲ್ ಕಾಡಿನ ಕೆಂಪು ಅಲ್ಲಿ ಎಲ್ಲಿಂದ ಬರಬೇಕು? ಆಮೇಲೆ ಅಣಬೆ ಕಿತ್ತು ಮರದ ದಿಮ್ಮಿ ಮೇಲೆ ಇಟ್ಟು ಫೋಟೋ ತೆಗೆದೆ ಅಂತಲೂ ಇದೆ. ಆ ಕಾಡಿನಲ್ಲಿ ಅಣಬೆ ಕೀಳುವ ಹಾಗಿಲ್ಲ. ಆ ಫೋಟೋ ಬೇಡ.

ಈಗ ನಿಜವಾದ ದೂರಿಗೆ ಬರುತ್ತೇನೆ. ‘ಭೂತದಂಥ ಮರಗಳು’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಅವು ಯಾಕೆ ಹಾಗಿವೆ ಅಂತ ಕೇಳಿಕೊಳ್ಳಲೇ ಇಲ್ಲ. ಆ ಮರಗಳ ತಲೆಯನ್ನು ಊರಿನವರು ಸೌದೆಗಾಗಿ ಮತ್ತೆ ಮತ್ತೆ ಸವರುತ್ತಿದ್ದರು. ದನ, ಜಿಂಕೆ ಹೊಸ ಚಿಗುರು ತಿನ್ನದ ಹಾಗೆ ಅವುಗಳ ಬಾಯಿಗೆ ಎಟುಕದ ಎತ್ತರದಲ್ಲಿ ಕಡಿಯುತ್ತಿದ್ದರು. 1878ರ ಎಪ್ಪಿಂಗ್ ಕಾಡಿನ ಕಾಯ್ದೆ ಬಂದ ಮೇಲೆ ಹಾಗೆ ಸವರುವ ಅವರ ಹಕ್ಕು ಹೋಯಿತು, ಕಡಿಯುವುದು ನಿಂತಿತು, ಒಂದೇ ಗಂಟಿನಿಂದ ಹೊರಟ ಕೊಂಬೆಗಳು ತಾವೇ ಮರಗಳಷ್ಟು ದಪ್ಪವಾದವು. ಹಕ್ಕು ಕಳೆದುಕೊಂಡಿದ್ದಕ್ಕೆ ಬಂದ ಪರಿಹಾರದ ಹಣದಲ್ಲಿ ಲೌಟನ್‌ನವರಿಗೆ 1884ರಲ್ಲಿ ಲಾಪಿಂಗ್ ಹಾಲ್ ಎಂಬ ಸಭಾಭವನ ಸಿಕ್ಕಿತು. ಲಾಪಿಂಗ್ ಅಂದರೆ ಕೊಂಬೆ ಕಡಿಯುವುದು. ಸ್ಟೇಷನ್‌ನಿಂದ ಸ್ವಲ್ಪ ದೂರದಲ್ಲೇ ಅದು ಇದೆ, ನೀವು ಬಹುಶಃ ಅದರ ಮುಂದೆಯೇ ಛತ್ರಿ ಹಿಡಿದು ಹೋಗಿರುತ್ತೀರಿ.

ಇದನ್ನು ಬೇರೆಯವರಿಗಾದರೆ ಹೇಳುತ್ತಿರಲಿಲ್ಲ. ನೀವು ಶಿರಸಿ ಕಡೆಯವರು ಅಂತ ಪತ್ರದಲ್ಲಿ ಬರೆದಿದ್ದೀರಿ. ಸೊಪ್ಪಿನ ಬೆಟ್ಟ ನಿಮಗೆ ಗೊತ್ತಿಲ್ವಾ? ಅಡಿಕೆ ತೋಟಕ್ಕೆ ಸೊಪ್ಪು ಕಡಿದು ಕಡಿದು ಬೋಳಾದ ಮರಗಳು, ಅಜ್ಜನ ಕಾಲದಿಂದ ಬಂದ ಬೆಟ್ಟದ ಹಕ್ಕು, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವ ಹೆಂಗಸರು. ಇಷ್ಟೆಲ್ಲ ನೋಡಿ ಬೆಳೆದವರು ಎಪ್ಪಿಂಗ್‌ನ ಆ ಮರದ ಮುಂದೆ ನಿಂತು ‘ಭೂತ’ ಎಂದುಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ. ನೆಲದ ಮೇಲಿನ ‘ಚಿನ್ನದ ಹಾಸಿಗೆ’ಗೂ ದರಕು ಅಂತಲೇ ಅನ್ನಿ. ಬೆಂಗಳೂರಿನ ಓದುಗರಿಗೆ ಅರ್ಥವಾಗದಿದ್ದರೆ ಆಗದಿರಲಿ, ಆ ಪದ ಎರಡನೇ ಸಲ ಬಂದಾಗ ಆಗುತ್ತದೆ.

ಒಂಬೈನೂರು ಪದದೊಳಗೆ ಮತ್ತೆ ಬರೆದು ಕಳಿಸಿ. ಫೋಟೋ ಮೂರು ಸಾಕು. ಐದನೆಯದು ಇರಲಿ, ಇನ್ನೊಂದು ನೀವೇ ಆರಿಸಿ, ಬಣ್ಣ ಏರಿಸದೆ. ಮೂರನೆಯದು ನೀವು ಕಳಿಸಿಯೇ ಇಲ್ಲ. ಚಹಾ ಕುಡಿಯಲು ಒಳಗೆ ಹೋದಾಗ ತಣ್ಣಗಿನ ಲೆನ್ಸ್ ಮೇಲೆ ಮಂಜು ಕಟ್ಟಿತು, ಮಫ್ಲರ್ ತುದಿಯಿಂದ ಒರೆಸಿದೆ, ಇನ್ನೂ ಹಾಳಾಯಿತು, ಹಾಗೇ ಕಿಟಕಿಯಿಂದ ಕಾಡಿನದೊಂದು ತೆಗೆದೆ, ಏನೂ ಬರಲಿಲ್ಲ ಅಂತ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದೀರಲ್ಲ, ಅದು. ಇಡೀ ಲೇಖನದಲ್ಲಿ ನೀವು ನನಗೆ ಕಾಣಿಸಿದ್ದು ಅಲ್ಲೊಂದೇ ಕಡೆ. ಡಿಲೀಟ್ ಮಾಡಿಲ್ಲ ತಾನೇ?