ಗುರುತಿಲ್ಲದವರೊಡನೆ ಮಾತನಾಡಬಾರದೆಂದರೆ ಸಾಕೆ?

ಪ್ರಶ್ನೆ: ನನ್ನ ಮಗಳಿಗೆ 5 ವರ್ಷ. ಗುರುತಿಲ್ಲದವರೊಡನೆ ಮಾತನಾಡಬಾರದೆಂದು ಅವಳಿಗೆ ದಿನವೂ ಹೇಳುತ್ತಿದ್ದೆ. ಹೋದ ತಿಂಗಳು ಜಾತ್ರೆಯಲ್ಲಿ ಕೈತಪ್ಪಿಹೋದವಳು ಬಹಳ ಹೊತ್ತು ಹುಡುಕಿದ ಮೇಲೆ ಬಳೆ ಅಂಗಡಿಯ ಮೇಜಿನಡಿ ಅವಿತು ಕುಳಿತಿದ್ದು ಕಂಡಿತು. ಅಂಗಡಿಯಾಕೆ ಎಷ್ಟು ಕೇಳಿದರೂ ಹೆಸರು ಹೇಳಿರಲಿಲ್ಲವಂತೆ. ‘ನೀನೇ ಮಾತಾಡಬೇಡ ಅಂದಿದ್ದೆಯಲ್ಲಮ್ಮ’ ಎಂದಳು. ನಾನು ಕಲಿಸಿದ್ದು ತಪ್ಪಾಯಿತೇ?
– ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ನಿಮ್ಮ ಮಗಳು ನಿಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ, ಅದಕ್ಕಾಗಿ ಅವಳನ್ನು ಗದರಬೇಡಿ. ಏನು ಮಾಡಬಾರದು ಎಂಬುದನ್ನು ನೀವು ಕಲಿಸಿದ್ದೀರಿ, ಕಷ್ಟ ಬಂದಾಗ ಏನು ಮಾಡಬೇಕು ಎಂಬುದನ್ನು ಕಲಿಸುವುದು ಉಳಿದಿದೆ.

ಕೈತಪ್ಪಿದರೆ ಅತ್ತಿತ್ತ ಓಡದೆ ಅಲ್ಲೇ ನಿಲ್ಲಬೇಕು, ನಿಮ್ಮ ಹೆಸರು ಹಿಡಿದು ಗಟ್ಟಿಯಾಗಿ ಕೂಗಬೇಕು. ಜಾತ್ರೆಯಲ್ಲಿ ‘ಅಮ್ಮಾ’ ಎಂದರೆ ಹತ್ತು ತಾಯಂದಿರು ತಿರುಗಿ ನೋಡುತ್ತಾರೆ, ಆದ್ದರಿಂದ ನಿಮ್ಮ ಪೂರ್ತಿ ಹೆಸರು ಅವಳಿಗೆ ಬಾಯಿಗೆ ಬರಬೇಕು. ಆಮೇಲೂ ನೀವು ಕಾಣದಿದ್ದರೆ ಪೊಲೀಸರನ್ನೋ, ಮಕ್ಕಳನ್ನು ಕರೆತಂದ ಹೆಂಗಸನ್ನೋ, ಅಂಗಡಿಯಲ್ಲಿ ವ್ಯಾಪಾರಕ್ಕೆ ಕುಳಿತವರನ್ನೋ ಕೇಳಬಹುದು. ಆದರೆ ಅವರ ಜೊತೆ ಬೇರೆಲ್ಲಿಗೂ ಹೋಗಬಾರದು. ಆ ಬಳೆ ಅಂಗಡಿಯಾಕೆ ಸಹಾಯ ಕೇಳಲು ತಕ್ಕವರೇ ಆಗಿದ್ದರು. ಮೊಬೈಲ್ ಸಂಖ್ಯೆಯ ಹತ್ತು ಅಂಕಿಗಳನ್ನು ಸ್ನಾನದ ಹೊತ್ತಿನಲ್ಲಿ ಹಾಡಿನಂತೆ ಹೇಳಿಸಿ. ಅದು ಬಾಯಿಪಾಠವಾಗುವವರೆಗೆ ಜನಜಂಗುಳಿಗೆ ಹೊರಡುವಾಗ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಚೀಲದ ಹೊರಗೆ ದೊಡ್ಡದಾಗಿ ಹೆಸರು ಬರೆಯಬೇಡಿ. ಹೆಸರು ಹಿಡಿದು ಕರೆದವರೆಲ್ಲ ಮಗುವಿಗೆ ಪರಿಚಿತರಾಗಿಬಿಡುತ್ತಾರೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ ಆಗಿರುತ್ತಾನೆ. ಒಳಉಡುಪು ಮುಚ್ಚುವ ಭಾಗಗಳನ್ನು, ಸ್ನಾನ ಮಾಡಿಸುವಾಗ ನೀವು, ನೀವು ಪಕ್ಕದಲ್ಲಿರುವಾಗ ಡಾಕ್ಟರು, ಇವರನ್ನು ಬಿಟ್ಟು ಯಾರೂ ಮುಟ್ಟಬಾರದೆಂದು ಆ ಭಾಗಗಳ ಹೆಸರನ್ನು ನಾಚದೆ ಹೇಳಿಯೇ ತಿಳಿಸಿ. ನಮ್ಮ ಮನೆಗಳಲ್ಲಿ ನೆಂಟರು ಬಂದಾಗ ‘ಮಾಮನಿಗೊಂದು ಮುತ್ತು ಕೊಡು’ ಎಂದು, ಮಗು ಕೊಸರಿಕೊಂಡರೂ ಬಿಡದೆ ಒತ್ತಾಯಿಸುವ ರೂಢಿಯಿದೆ. ಇದು ನಿಲ್ಲಬೇಕು. ತನ್ನ ಮೈಯ ವಿಷಯದಲ್ಲಿ ‘ಬೇಡ’ ಎಂದರೆ ಹಿರಿಯರು ಕೇಳುವುದಿಲ್ಲ ಎಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಗೌರವ ತೋರಿಸಲು ಒಂದು ನಮಸ್ಕಾರ ಸಾಕು. ‘ಅಮ್ಮನಿಗೆ ಹೇಳಬೇಡ’ ಎಂದು ಯಾರೇ ಹೇಳಲಿ, ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕೆಂಬುದೂ ಅವಳಿಗೆ ತಿಳಿದಿರಲಿ.

ಅವಳು ಅಂಥದ್ದೇನಾದರೂ ಹೇಳಿದರೆ ಗಾಬರಿಯಿಂದ ಪ್ರಶ್ನೆಗಳ ಸುರಿಮಳೆಗರೆಯದೆ, ‘ಹೇಳಿದ್ದು ಒಳ್ಳೆಯದಾಯಿತು ಕಂದ, ನಿನ್ನದೇನೂ ತಪ್ಪಿಲ್ಲ’ ಎನ್ನಿ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಉಚಿತವಾಗಿ ಸಿಗುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಇಂಥ ಕೃತ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮನೆತನದ ಮರ್ಯಾದೆಯೆಂದು ಮುಚ್ಚಿಡುವಂತಿಲ್ಲ.

ಇದೆಲ್ಲವನ್ನೂ ಒಂದೇ ದಿನ ಕೂರಿಸಿಕೊಂಡು ಹೇಳಬೇಡಿ. ಸಂತೆಗೆ ಹೋದಾಗ ‘ಈಗ ನಾನು ಕಾಣದೆ ಹೋದರೆ ಯಾರನ್ನು ಕೇಳುತ್ತೀಯ?’ ಎಂದು ಕೇಳಿ, ಅವಳೇ ಬೆರಳು ಮಾಡಿ ತೋರಿಸಲಿ. ಆ ಬಳೆ ಅಂಗಡಿಯಾಕೆ ನಿಮ್ಮೂರ ಸಂತೆಗೂ ಬರುವವರಾದರೆ, ಅವಳನ್ನು ಅಲ್ಲಿಗೆ ಕರೆದೊಯ್ದು ಅಂದು ಹೇಳದೆ ಉಳಿದ ಹೆಸರನ್ನು ಅವಳ ಬಾಯಿಂದಲೇ ಹೇಳಿಸಿ.