ಚಳಿ ಬಿಡದ ಕಾರು, ಕೈ ಕಚ್ಚುವ ಪೆಟ್ರೋಲು

ಸೊಗಡಿನ ಅವರೆಕಾಯಿ ಸಂತೆಗೆ ಬಂತೆಂದರೆ ಈ ಅಂಕಣಕ್ಕೆ ಮೈಲೇಜಿನ ಪತ್ರಗಳೂ ಬಂದವೆಂದೇ ಲೆಕ್ಕ. ಈ ಸಲ ಚಿಕ್ಕಬಳ್ಳಾಪುರ ಜಿಲ್ಲೆಯವೇ ಹೆಚ್ಚು. ಎಲ್ಲರೂ ದೂರುವುದು ಚಳಿಯನ್ನು. ಧನುರ್ಮಾಸದಲ್ಲೂ ಇಲ್ಲಿನ ಬೆಳಗು ಸಾಮಾನ್ಯವಾಗಿ 12ರಿಂದ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮಗೆ ಶಾಲು ಬೇಕಾಗುವ ಈ ಚಳಿ, ಕಾರಿನ ಮಟ್ಟಿಗೆ ದೊಡ್ಡದಲ್ಲ. ಮೊದಲೇ ಇದ್ದ ದೋಷವನ್ನು ಅದು ಎತ್ತಿ ತೋರಿಸುತ್ತದೆ, ಅಷ್ಟೆ.

ಪ್ರ: ನಮ್ಮದು 1.2 ಲೀಟರಿನ ಪೆಟ್ರೋಲ್ ಕಾರು. ಬೇಸಿಗೆಯಲ್ಲಿ ಲೀಟರಿಗೆ 17 ಕೊಡುತ್ತಿದ್ದದ್ದು ಈಗ 14ಕ್ಕೆ ಬಂದಿದೆ. ಹೋದ ವರ್ಷ ಗಾಡಿ ಹೀಟ್ ಆಗುತ್ತಿತ್ತು. ಮೆಕ್ಯಾನಿಕ್ ‘ಒಂದು ವಾಲ್ವ್ ತೆಗೆದಿದೀನಿ, ಇನ್ನೇನೂ ತೊಂದರೆ ಇಲ್ಲ’ ಅಂದರು. ಆಮೇಲೆ ಟೆಂಪರೇಚರ್ ಮುಳ್ಳು ಮೇಲೇಳುವುದೇ ಕಡಿಮೆ. ಎಂಜಿನ್ ತಂಪಾಗಿದ್ದರೆ ಒಳ್ಳೆಯದೇ ಅಲ್ಲವಾ ಸರ್?
– ಓದುಗರು, ಚಿಕ್ಕಬಳ್ಳಾಪುರ

ಉ: ಒಳ್ಳೆಯದಲ್ಲ. ನಿಮ್ಮ ಪೆಟ್ರೋಲು ಪೋಲಾಗುತ್ತಿರುವುದೇ ಆ ವಾಲ್ವ್ ಇದ್ದ ಜಾಗದಿಂದ ಎಂದು ನಮ್ಮ ಅನುಮಾನ.

ಅವರು ತೆಗೆದಿರುವುದು ಥರ್ಮೋಸ್ಟಾಟ್. ಎಂಜಿನ್‌ನಿಂದ ರೇಡಿಯೇಟರ್‌ಗೆ ನೀರು ಹೋಗುವ ದಾರಿಯಲ್ಲಿ ಕೂತಿರುವ ಪುಟ್ಟ ಬಾಗಿಲು ಅದು. ಒಳಗೆ ಮೇಣ ತುಂಬಿದ ಪುಟ್ಟ ಡಬ್ಬಿ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಬಾಗಿಲು ಮುಚ್ಚಿರುತ್ತದೆ. ನೀರು ಎಂಜಿನ್ ಒಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. 82 ಅಥವಾ 88 ಡಿಗ್ರಿಗೆ (ಆ ಅಂಕಿ ಅದರ ಅಂಚಿನಲ್ಲೇ ಅಚ್ಚಾಗಿರುತ್ತದೆ) ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಬಾಗಿಲನ್ನೇ ಕಿತ್ತರೆ ಮೊದಲ ನಿಮಿಷದಿಂದಲೇ ನೀರೆಲ್ಲ ರೇಡಿಯೇಟರ್‌ಗೆ ಓಡುತ್ತದೆ. ಎಂಜಿನ್ 60 ಡಿಗ್ರಿ ದಾಟಲು ಒದ್ದಾಡುತ್ತದೆ. ‘ಇನ್ನೂ ತಣ್ಣಗಿದೆ’ ಎಂದು ಸೆನ್ಸರ್ ಹೇಳುತ್ತಲೇ ಇರುವುದರಿಂದ ಕಂಪ್ಯೂಟರ್ ಹೆಚ್ಚು ಪೆಟ್ರೋಲು ಬಿಡುತ್ತಲೇ ಇರುತ್ತದೆ. ಆಯಿಲೂ ಮಂದವಾಗೇ ಉಳಿಯುತ್ತದೆ. ಬೇಸಿಗೆಯ ಬಿಸಿಲಲ್ಲಿ ಈ ದೋಷ ಅರ್ಧ ಮರೆಯಾಗಿರುತ್ತದೆ. ಮಂಜಿನ ಗಾಳಿ ರೇಡಿಯೇಟರ್‌ಗೆ ಬಡಿಯುವ ಪುಷ್ಯ ಮಾಸದಲ್ಲಿ ಬಯಲಾಗುತ್ತದೆ.

ಖಾತ್ರಿ ಮಾಡಿಕೊಳ್ಳಲು ದುಡ್ಡು ಬೇಡ. ಬೆಳಿಗ್ಗೆ ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಮುಟ್ಟಿ ನೋಡಿ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರ ಇರಲಿ. ಥರ್ಮೋಸ್ಟಾಟ್ ಸರಿಯಿದ್ದರೆ ಹೋಸ್ ಹಲವು ನಿಮಿಷ ತಣ್ಣಗಿದ್ದು, ಆಮೇಲೆ ಇದ್ದಕ್ಕಿದ್ದಂತೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಶುರುವಿನಿಂದಲೇ ನಿಧಾನಕ್ಕೆ ಉಗುರುಬೆಚ್ಚಗಾಗುತ್ತಾ ಬಂದರೆ ಬಾಗಿಲು ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಪಿ0128 ಎಂಬ ಕೋಡ್ ಬಂದರೂ ಬಹುತೇಕ ಅರ್ಥ ಅದೇ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆ ಮೆತ್ತಿದಂತೆ ಬಿಳಿ ನೊರೆ ಕಂಡರೆ ಗಾಬರಿಯಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ ಮತ್ತು ಕೆಳಗಿನ ಭಾಗಗಳ ನಡುವಿನ ಸೀಲ್) ಬಿಚ್ಚಿಸಬೇಡಿ. ಬಿಸಿಯೇರದ ಎಂಜಿನ್‌ನಲ್ಲಿ ತೇವ ಆವಿಯಾಗದೆ ಹಾಗೆ ಕೂರುತ್ತದೆ. ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ ಬಗ್ಗೆ ಯೋಚಿಸಿ.

ಈಗ ಮೂಲಕ್ಕೆ ಬರೋಣ. ಹೋದ ವರ್ಷ ಹೀಟ್ ಆಗಿದ್ದು ಯಾಕೆ? ಈ ಸೀಮೆಯಲ್ಲಿ ಹತ್ತರಲ್ಲಿ ಎಂಟು ಸಲ ಉತ್ತರ ಬೋರ್‌ವೆಲ್ ನೀರು. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೊಳವೆ ಕಟ್ಟಿಕೊಂಡರೆ ಎಂಜಿನ್ ಕಾಯುತ್ತದೆ, ಕಾದರೆ ಥರ್ಮೋಸ್ಟಾಟ್ ಕೀಳುತ್ತಾರೆ, ಕಿತ್ತರೆ ಪೆಟ್ರೋಲು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ, ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅಂಥವುಗಳಲ್ಲಿ ಇದನ್ನು ಕಿತ್ತರೆ ಏರಿನಲ್ಲಿ ಇನ್ನೂ ಹೆಚ್ಚು ಕಾಯುತ್ತದೆ.

ಮಾಡಿಸಬೇಕಾದ್ದು ಇಷ್ಟು. ಎಂಜಿನ್ ಪೂರ್ತಿ ಆರಿದ ಮೇಲೆ ಹಳೆ ನೀರು ಇಳಿಸಿ, ತಿಳಿ ನೀರು ಬರುವ ತನಕ ಫ್ಲಶ್ ಮಾಡಿಸಿ. ಕಂಪನಿ ಹೇಳಿದ ಡಿಗ್ರಿಯದೇ ಥರ್ಮೋಸ್ಟಾಟನ್ನು ಹೊಸ ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಜೊತೆ ಹಾಕಿಸಿ. ಹಾಕುವ ಮುಂಚೆ ಪಾತ್ರೆಯ ನೀರಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಬಹುದು. ನೀರು ಕುದಿ ಬರುವಷ್ಟರಲ್ಲಿ ಬಾಗಿಲು ಚೆನ್ನಾಗಿ ತೆರೆದಿರಬೇಕು. ಅದರ ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ಮುಖವಾಗಿರಲಿ, ಗಾಳಿ ಹೊರಹೋಗುವುದು ಅಲ್ಲಿಂದಲೇ. ಕೂಲಂಟ್ ಮತ್ತು ಡಿಮಿನರಲೈಸ್ಡ್ (ಲವಣ ತೆಗೆದ) ನೀರು ಸಮಸಮ. ಸಣ್ಣ ಕಾರಿಗೆ ಒಟ್ಟು 4–5 ಲೀಟರ್ ಹಿಡಿಯುತ್ತದೆ. ರೆಡಿ ಮಿಕ್ಸ್ ಡಬ್ಬಿಯಾದರೆ ನೀರು ಬೆರೆಸಬೇಡಿ. ನಿಧಾನಕ್ಕೆ ತುಂಬಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವ ತನಕ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ) ಬಿಟ್ಟು ಮುಚ್ಚಳ ಹಾಕಿಸಿ. ರೇಡಿಯೇಟರ್ ಕ್ಯಾಪಿನ ಮೇಲೆ 0.9 ಅಥವಾ 1.1 ಎಂದು ಒತ್ತಡದ ಅಂಕಿ ಇರುತ್ತದೆ, ರಬ್ಬರ್ ಸವೆದಿದ್ದರೆ ಅದೇ ಅಂಕಿಯದನ್ನು ತನ್ನಿ. ಬಿಸಿ ಇರುವಾಗ ಮಾತ್ರ ಯಾರು ಹೇಳಿದರೂ ಕ್ಯಾಪ್ ತೆಗೆಯಬೇಡಿ.

ಕೆಲಸಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಮೈಲೇಜ್ ಅಳೆಯಿರಿ. ಒಂದೇ ಬಂಕಿನಲ್ಲಿ ಮೊದಲ ಸಲ ‘ಟಕ್’ ಎಂದು ಕಟ್ ಆಗುವವರೆಗೆ ತುಂಬಿಸಿ ಟ್ರಿಪ್ ಸೊನ್ನೆ ಮಾಡಿ, 300 ಕಿಲೋಮೀಟರಾದರೂ ಓಡಿಸಿ, ಅಲ್ಲೇ ಮತ್ತೆ ಹಾಗೇ ತುಂಬಿಸಿ ಭಾಗಿಸಿ. ಡ್ಯಾಷ್‌ಬೋರ್ಡ್ ತೋರಿಸುವ ಅಂಕಿ ಸಾಮಾನ್ಯವಾಗಿ ಕೊಂಚ ಹೊಗಳುಭಟ್ಟ.

ಪ್ರ: ನಮ್ಮ ತಂದೆಯವರು ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿಟ್ಟು ಕಾಫಿ ಕುಡಿದು ಬರುತ್ತಾರೆ. ಹತ್ತು ನಿಮಿಷ ಎಂಜಿನ್ ಬೆಚ್ಚಗಾಗಬೇಕಂತೆ. ಸರಿಯೇ?
– ಓದುಗರು, ಗೌರಿಬಿದನೂರು

ಉ: ಕಾರ್ಬ್ಯುರೇಟರ್ ಮತ್ತು ಚೋಕ್ ಇದ್ದ ಕಾಲಕ್ಕೆ ಅವರ ಮಾತು ಸರಿ. ಈಗಿನ ಇಂಜೆಕ್ಷನ್ ಎಂಜಿನ್‌ಗೆ ಅರ್ಧ ನಿಮಿಷ ಸಾಕು. ಆಯಿಲ್ ಲೈಟ್ ಆರಿ, ಏರಿದ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಇಳಿಯಲು ಶುರುವಾದರೆ ಹೊರಡಿ. ಮೊದಲ 3–4 ಕಿಲೋಮೀಟರ್ 2,000–2,500 ಆರ್‌ಪಿಎಂ ದಾಟಿಸದೆ ಹಗುರ ಕಾಲಲ್ಲಿ ಓಡಿಸಿ. ನಿಂತ ಎಂಜಿನ್‌ಗಿಂತ ಓಡುವ ಎಂಜಿನ್ ಬೇಗ ಬಿಸಿಯಾಗುತ್ತದೆ. ಗೇರ್‌ಬಾಕ್ಸ್ ಆಯಿಲ್, ವೀಲ್ ಬೇರಿಂಗ್, ಟೈರುಗಳಂತೂ ನಿಂತಲ್ಲಿ ಬೆಚ್ಚಗಾಗುವುದೇ ಇಲ್ಲ.

ಲೆಕ್ಕ ಹಾಕಿ ತೋರಿಸಿ: 1.2 ಲೀಟರ್ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಹತ್ತಿರಹತ್ತಿರ 0.7 ಲೀಟರ್ ಉರಿಸುತ್ತದೆ. ಹತ್ತು ನಿಮಿಷಕ್ಕೆ ಸುಮಾರು 120 ಮಿ.ಲೀ., ತಿಂಗಳಿಗೆ 3.5 ಲೀಟರ್. ತಣ್ಣಗಿರುವಾಗ ಇನ್ನೂ ಜಾಸ್ತಿ. ಕಾಫಿ ಕುಡಿದೇ ಸ್ಟಾರ್ಟ್ ಮಾಡಲಿ. ಡೀಸೆಲ್ ಕಾರಾದರೆ ಕೀ ತಿರುಗಿಸಿ ಸುರುಳಿ ಚಿಹ್ನೆಯ ಲೈಟ್ ಆರುವ ತನಕ ಕಾದು ಸೆಲ್ಫ್ ಹೊಡೆಯಬೇಕು.

ಇನ್ನೊಂದು ಮಾತು. ಮನೆಯಿಂದ ಹಾಲಿನ ಡೈರಿಗೆ, ಆಮೇಲೆ ಶಾಲೆಗೆ, ಆಮೇಲೆ ಅಂಗಡಿಗೆ ಎಂದು ಗಂಟೆಗೊಂದು ಸಲ 2 ಕಿಲೋಮೀಟರ್ ಓಡಿಸಿದರೆ ಪ್ರತಿ ಸಲವೂ ತಣ್ಣನೆಯ ಎಂಜಿನ್‌ನ ಖರ್ಚು. ಒಂದೇ ಸುತ್ತಿನಲ್ಲಿ ಮೂರೂ ಮುಗಿಸಿ.

ಪ್ರ: ಏಪ್ರಿಲ್‌ನಲ್ಲಿ 33 ಗಾಳಿ ಹಿಡಿಸಿದ್ದೆ, ಪಂಕ್ಚರ್ ಆಗಿಲ್ಲ. ಈಗ ಬೆಳಿಗ್ಗೆ ನೋಡಿದರೆ 27. ನೈಟ್ರೋಜನ್ ಹಾಕಿಸಿದರೆ ಮೈಲೇಜ್ ಹೆಚ್ಚುತ್ತದೆ ಅನ್ನುತ್ತಾರೆ.
– ಓದುಗರು, ಚಿಂತಾಮಣಿ

ಉ: ಪ್ರತಿ 5–6 ಡಿಗ್ರಿ ಇಳಿದರೆ ಟೈರಿನಲ್ಲಿ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನಕ್ಕೂ ಈಗಿನ ಬೆಳಗಿಗೂ 20 ಡಿಗ್ರಿ ಅಂತರವಿದ್ದರೆ ಅಲ್ಲಿಗೇ 3–4 ಹೋಯಿತು. ಉಳಿದದ್ದು ರಬ್ಬರ್ ಮೂಲಕ, ವಾಲ್ವ್ ಮೂಲಕ ಮೆಲ್ಲಗೆ ಜಾರಿದ್ದು. ಇಷ್ಟು ತಿಂಗಳು ನೋಡದೇ ಬಿಟ್ಟಿದ್ದೇ ತಪ್ಪು. ಹದಿನೈದು ದಿನಕ್ಕೊಮ್ಮೆ ನೋಡಿ.

ಇದರಿಂದ ಭಾರಿ ಉಳಿತಾಯ ಎಂದು ನಾವು ಹೇಳುವುದಿಲ್ಲ. 1 ಪಿಎಸ್‌ಐಗೆ 0.2 ಶೇಕಡಾ ಎಂಬ ಲೆಕ್ಕದಲ್ಲಿ ನಿಮ್ಮ ನಷ್ಟ ಒಂದೂಕಾಲು ಶೇಕಡಾ ಇರಬಹುದು. ಆದರೆ ಟೈರಿನ ಎರಡೂ ಅಂಚು ಸವೆದು ವರ್ಷ ಮೊದಲೇ ಹೊಸದು ಕೊಳ್ಳುವ ಖರ್ಚು ಇದಕ್ಕಿಂತ ದೊಡ್ಡದು.

ಎಷ್ಟು ಹಿಡಿಸಬೇಕು ಎಂಬುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿದೆ. ಟೈರಿನ ಗೋಡೆ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ಹಿಡಿಸಬೇಡಿ. ಆ ಸ್ಟಿಕರ್ ಅಂಕಿ ತಣ್ಣನೆ ಟೈರಿನದು. ಬಂಕ್ 5 ಕಿಲೋಮೀಟರ್ ದೂರವಿದ್ದರೆ ತಲುಪುವಷ್ಟರಲ್ಲಿ ಟೈರ್ ಬಿಸಿಯಾಗಿ ಅಂಕಿ ಹೆಚ್ಚು ತೋರಿಸುತ್ತದೆ. ಇದಕ್ಕೊಂದು ಉಪಾಯ: ಮನೆಯಲ್ಲೇ ಸಣ್ಣ ಗೇಜ್ ಇಟ್ಟು ಬೆಳಿಗ್ಗೆ ಅಳೆಯಿರಿ. 33 ಬೇಕು, 27 ಇದೆ, ಅಂದರೆ 6 ಕೊರತೆ. ಬಂಕಿನಲ್ಲಿ 30 ತೋರಿಸಿದರೆ 36 ಹಿಡಿಸಿ. ಆರಿದ ಮೇಲೆ 33ಕ್ಕೆ ಬಂದು ನಿಲ್ಲುತ್ತದೆ.

ನೈಟ್ರೋಜನ್? ನಾವು ಉಸಿರಾಡುವ ಗಾಳಿಯಲ್ಲೇ 78 ಶೇಕಡಾ ಅದೇ ಇದೆ. ದುಡ್ಡು ಕೊಟ್ಟು ಹಾಕಿಸುವಂಥದ್ದೇನಿಲ್ಲ.

ಪ್ರ: ನಂದಿ ಬೆಟ್ಟ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದಲ್ಲವೇ?
– ಟ್ಯಾಕ್ಸಿ ಚಾಲಕರು, ದೇವನಹಳ್ಳಿ

ಉ: ಉಲ್ಟಾ. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲನ್ನು ಸೊನ್ನೆ ಮಾಡುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದ ತಕ್ಷಣ ಐಡಲ್ ಕಾಯ್ದುಕೊಳ್ಳಲು ಪೆಟ್ರೋಲು ಬೇಕೇ ಬೇಕು. 1,478 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ ಪ್ಯಾಡ್ ಕಾದು ಕೊನೆಯ ತಿರುವುಗಳಲ್ಲಿ ಬ್ರೇಕ್ ಹಿಡಿಯದೇ ಹೋಗಬಹುದು. ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಎಂಜಿನ್ ಆಫ್ ಮಾಡಿ ಇಳಿಯುವವರ ಬಗ್ಗೆ ಹೇಳುವುದೇ ಬೇಡ: ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್, ಪವರ್ ಸ್ಟೀರಿಂಗ್ ಎರಡೂ ಹೋಗುತ್ತವೆ.

ಭಾನುವಾರ ನಸುಕಿನಲ್ಲಿ ಬೆಟ್ಟದ ಗೇಟಿನ ಮುಂದೆ ಸಾಲು ನಿಂತಾಗ ಎಂಜಿನ್ ಆಫ್ ಮಾಡಿ. ಗಾಜಿಗೆ ಮಂಜು ಕಟ್ಟಿದರೆ ಹೊರಗಿನ ಗಾಳಿ ಬರುವಂತೆ ಇಟ್ಟು, ಎಸಿ ಮತ್ತು ಹೀಟರ್ ಎರಡನ್ನೂ ಒಂದೆರಡು ನಿಮಿಷ ಹಾಕಿ ತೆಗೆಯಿರಿ. ಒಳಗಾಳಿಯನ್ನೇ ಸುತ್ತಿಸಿದರೆ ಮಂಜು ಇನ್ನೂ ಗಟ್ಟಿಯಾಗುತ್ತದೆ.

ಪ್ರ: ಬಾಗೇಪಲ್ಲಿಯಿಂದ ಬೆಂಗಳೂರಿಗೆ ಹೈವೇಯಲ್ಲಿ 110ರಲ್ಲಿ ಹೋಗುತ್ತೇನೆ. ಟಾಪ್ ಗೇರ್‌ನಲ್ಲೇ ಇರುತ್ತೆ, ಆದರೂ ಮೈಲೇಜ್ ಇಲ್ಲ.
– ಓದುಗರು, ಬಾಗೇಪಲ್ಲಿ

ಉ: ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ಕ್ಕಿಂತ 110ರಲ್ಲಿ ಅದು ಹತ್ತಿರಹತ್ತಿರ ಎರಡು ಪಟ್ಟು. ನೂರು ಕಿಲೋಮೀಟರಿಗೆ ನಿಮಗೆ ಉಳಿಯುವುದು 20 ನಿಮಿಷ, ಅದನ್ನೂ ಹೆಬ್ಬಾಳದ ಸಿಗ್ನಲ್ ತಿಂದುಹಾಕುತ್ತದೆ.

ಪ್ರ: ಗೂಡು ಮಾರ್ಕೆಟ್‌ಗೆ ಹೋಗಿಬರುವ ಕಾರು ನಮ್ಮದು, ಮೇಲೆ ಕ್ಯಾರಿಯರ್ ಇದೆ. ಈಚೆಗೆ ತಳ್ಳಿದರೂ ಹಗುರವಾಗಿ ಉರುಳುತ್ತಿಲ್ಲ. ಏರ್ ಫಿಲ್ಟರ್ ಬದಲಿಸಲೇ?
– ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ

ಉ: ತಳ್ಳಿದರೆ ಉರುಳದಿರುವುದಕ್ಕೂ ಫಿಲ್ಟರ್‌ಗೂ ಸಂಬಂಧವಿಲ್ಲ. ಬ್ರೇಕ್ ಹಿಡಿದುಕೊಂಡಿದೆ. 5 ಕಿಲೋಮೀಟರ್ ಆದಷ್ಟು ಕಡಿಮೆ ಬ್ರೇಕ್ ಒತ್ತಿ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಡಿಸ್ಕ್ ಮುಟ್ಟಬೇಡಿ. ಯಾವುದು ಹೆಚ್ಚು ಕಾದಿದೆಯೋ ಅದೇ ಕಳ್ಳ. ಮುಂದಿನ ಚಕ್ರವಾದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಸ್ಲೈಡ್ ಪಿನ್ ಒಣಗಿರುತ್ತದೆ; ಬಿಚ್ಚಿ ಒರೆಸಿ ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಾಕಬೇಕು. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಹಿಡಿಯುತ್ತದೆ. ಹಿಂದಿನದಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿಸಿ. ಇಬ್ಬನಿಯಲ್ಲಿ ನಾಲ್ಕು ದಿನ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್‌ಗೆ ಅಂಟುತ್ತದೆ. ಸಮತಟ್ಟು ಜಾಗದಲ್ಲಿ ಮೊದಲ ಗೇರ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ, ಸಾಕು.

ಖಾಲಿ ಕ್ಯಾರಿಯರ್ ಕೂಡ ಗಾಳಿ ಹಿಡಿಯುತ್ತದೆ. ಗೂಡಿನ ಚೀಲ ಇಳಿಸಿದ ಮೇಲೆ, ಊರಾಚೆ ದೂರ ಹೋಗುವ ದಿನ ಅದನ್ನೂ ಬಿಚ್ಚಿಡಿ. ಏರ್ ಫಿಲ್ಟರ್ ಕೊಳೆಯಾದರೆ ಇಂಜೆಕ್ಷನ್ ಕಾರಿನಲ್ಲಿ ಮೊದಲು ಹೋಗುವುದು ಪಿಕಪ್. ಮೈಲೇಜ್ ಮೇಲೆ ಪರಿಣಾಮ ಕಡಿಮೆ. ಆದರೂ ಕ್ರಷರ್ ಧೂಳಿನ ರಸ್ತೆಯಲ್ಲಿ ಓಡಾಡುವವರು 5,000 ಕಿಲೋಮೀಟರಿಗೊಮ್ಮೆ ತೆಗೆದು, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಹೊಡೆಸಿ. ಕಾಗದದ ಫಿಲ್ಟರನ್ನು ತೊಳೆಯಬಾರದು.

ಪ್ರ: ಸಿಎನ್‌ಜಿ ಕಾರು. ಪೆಟ್ರೋಲ್ ಮುಟ್ಟುವುದೇ ಇಲ್ಲ, ಆದರೂ ಚಳಿಗಾಲದಲ್ಲಿ ಅದರ ಮುಳ್ಳು ಇಳಿಯುತ್ತದೆ. ಸೋರಿಕೆಯೇ?
– ಓದುಗರು, ಗುಡಿಬಂಡೆ

ಉ: ವಾಸನೆ ಇಲ್ಲದಿದ್ದರೆ ಸೋರಿಕೆಯಲ್ಲ. ಹಲವು ಸಿಎನ್‌ಜಿ ಕಾರುಗಳು ತಣ್ಣಗಿದ್ದಾಗ ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ಕೂಲಂಟ್ ಒಂದು ಮಟ್ಟಕ್ಕೆ ಬಿಸಿಯಾದ ಮೇಲೆ ತಾವೇ ಗ್ಯಾಸಿಗೆ ಬದಲಾಗುತ್ತವೆ. ಚಳಿಯಲ್ಲಿ ಆ ಹೊತ್ತು ಉದ್ದವಾಗುತ್ತದೆ. ತೀರಾ ಉದ್ದವಾಗಿದ್ದರೆ ಮೊದಲ ಉತ್ತರ ಓದಿ, ಹೋಸ್ ಮುಟ್ಟಿ ನೋಡಿ.

ಪ್ರ: ಬೆಳಗಿನ ಚಳಿಯಲ್ಲಿ ಪೆಟ್ರೋಲ್ ಹಾಕಿಸಿದರೆ ಅದು ಗಟ್ಟಿಯಾಗಿದ್ದು ಹೆಚ್ಚು ಸಿಗುತ್ತದೆ ಎಂಬುದು ನಿಜವೇ? ಇ20 (20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಮೈಲೇಜ್ ಇಳಿದಿದ್ದು ಭ್ರಮೆಯೇ?
– ಓದುಗರು, ಮಂಚೇನಹಳ್ಳಿ

ಉ: ಬಂಕಿನ ಟ್ಯಾಂಕ್ ನೆಲದೊಳಗಿದೆ, ಅಲ್ಲಿ ಬೆಳಗು-ಮಧ್ಯಾಹ್ನದ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ನಿಮಗೆ ಅನುಕೂಲವಾದ ಹೊತ್ತಿಗೆ ಹಾಕಿಸಿ. ಇ20 ವಿಷಯ ಭ್ರಮೆಯಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. 20 ಶೇಕಡಾ ಬೆರೆತಾಗ ಶಕ್ತಿಯ ಲೆಕ್ಕದಲ್ಲಿ 6–7 ಶೇಕಡಾ ಕೊರತೆ ಬೀಳುತ್ತದೆ. ಇ20ಗೆಂದೇ ಹೊಂದಿಸಿದ ಎಂಜಿನ್‌ಗಳಲ್ಲಿ ನಷ್ಟ ಇದಕ್ಕಿಂತ ಕಡಿಮೆ. 17 ಕೊಡುತ್ತಿದ್ದ ಗಾಡಿ 16ಕ್ಕೆ ಬಂದರೆ ಗ್ಯಾರೇಜಿಗೆ ಓಡಬೇಡಿ. 14ಕ್ಕೆ ಬಂದರೆ ಓಡಿ.