ಜಿಲ್ಲೆಯ ರಸ್ತೆ, ಸೇತುವೆಗಳ ನಿರ್ವಹಣೆ ಯಾರ ಹೊಣೆ? ಮಳೆಗಾಲಕ್ಕೆ ಮುನ್ನ ಏನು ಮಾಡಬೇಕು?

ಉತ್ತರ ಕನ್ನಡ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರ ಹೊಣೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿಯ ರಸ್ತೆಗಳು ಹೆಚ್ಚಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವು.

ಡಾಂಬರಿನ ದೊಡ್ಡ ಶತ್ರು ನೀರು. ಚರಂಡಿಯಲ್ಲಿ ಹೂಳು ಕಟ್ಟಿಕೊಂಡರೆ ನೀರು ಅಡಿಪದರಕ್ಕೆ ಇಳಿದು ಮಣ್ಣು ಮೆತ್ತಗಾಗುತ್ತದೆ. ಭಾರದ ಲಾರಿ ಹೋದಾಗ ಮೇಲ್ಪದರ ಬಿರಿದು ಗುಂಡಿ ಬೀಳುತ್ತದೆ. ಆದ್ದರಿಂದ ಮೇ ತಿಂಗಳೊಳಗೆ ಚರಂಡಿ, ಮೋರಿಗಳ ಹೂಳು ತೆಗೆದು, ಬಿರುಕು ಮುಚ್ಚಿ, ರಸ್ತೆಯಂಚಿನಲ್ಲಿ ಏರಿದ ಮಣ್ಣನ್ನು ತಗ್ಗಿಸಬೇಕು. ಹೊಸ ಡಾಂಬರಿಗಿಂತ ಮೊದಲು ಈ ಕೆಲಸಕ್ಕೆ ಹಣ ಮೀಸಲಿಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಸೇತುವೆಗಳ ವಿಷಯ ಇನ್ನೂ ಗಂಭೀರ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕುಳಿದರು. ಆ ಸೇತುವೆಗೆ ಆಗಿದ್ದದ್ದು ಸುಮಾರು 40 ವರ್ಷ. ಅಳಿವೆಯ ಬಳಿಯ ಯಾವುದೇ ಸೇತುವೆಯಲ್ಲೂ ಉಪ್ಪಿನಂಶ ಕಾಂಕ್ರೀಟಿನೊಳಕ್ಕೆ ಇಳಿದು ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದಂತೆ ಕಾಂಕ್ರೀಟು ಒಳಗಿನಿಂದ ಸೀಳುತ್ತದೆ. ಮೇಲೆ ವಾಹನದಲ್ಲಿ ಸಾಗುವವರಿಗೆ ಇದು ಕಾಣುವುದಿಲ್ಲ. ಎಂಜಿನಿಯರರು ದೋಣಿಯಲ್ಲಿ ಅಡಿಗೆ ಹೋಗಿ ಕಂಬ, ತೊಲೆ, ಇವೆರಡರ ನಡುವೆ ಭಾರ ಹೊರುವ ಬೇರಿಂಗ್‌ಗಳನ್ನು ಹತ್ತಿರದಿಂದ ನೋಡಬೇಕು. ಪ್ರವಾಹ ಕಂಬದ ಬುಡದ ಮಣ್ಣನ್ನು ಕೊರೆದಿದೆಯೇ ಎಂದು ಅಳೆಯಬೇಕು. ಮಳೆಗಾಲದ ಮುನ್ನ ಒಮ್ಮೆ, ಮುಗಿದ ಮೇಲೆ ಮತ್ತೊಮ್ಮೆ ಈ ತಪಾಸಣೆ ಆಗಲೇಬೇಕು. ಸಂಶಯ ಬಂದ ದಿನವೇ ಭಾರಿ ವಾಹನಗಳನ್ನು ತಡೆಯಬೇಕು, ವರದಿ ಆಮೇಲೆ ಬರಲಿ.